ಅಮೆರಿಕದ ರೂಢಿ ನಮ್ಮ ತೋಟಗಳಿಗೆ ಬೇಡ

ಅಮೆರಿಕದಲ್ಲಿ ಹಾರಿಸಿ ಖಾಲಿಯಾದ ಬಂದೂಕಿನ ತೋಟೆಗೆ (ಕಾಡತೂಸಿಗೆ) ಮನೆಯಲ್ಲೇ ಮತ್ತೆ ಮದ್ದು ತುಂಬಿಸುವವರು ಪಾಲಿಸುವ ಎಚ್ಚರಿಕೆಗಳನ್ನು ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಇಲ್ಲಿ ಓದುವವರಿಗೆ ಒಂದು ಮಾತು ಸೇರಿಸಲೇಬೇಕು. ಕಾರ್ಕಳ, ಹೆಬ್ರಿ ಕಡೆ ಹಂದಿ, ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಕೋವಿ ಇಟ್ಟುಕೊಂಡವರು ಜಾಸ್ತಿ. ಆ ಲೈಸೆನ್ಸ್ ಇದೆ ಅಂತ ಮನೆಯಲ್ಲಿ ತೋಟೆ ತಯಾರಿಸುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು.

ನನಗೆ ನಿಜವಾಗಿ ಭಯ ಇರುವುದು ಹಳೆಯ ಕೇಪಿನ ಕೋವಿಗಳ ಬಗ್ಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿಸಿ, ಕೇಪು ಎಂಬ ಸಣ್ಣ ಸಿಡಿಯುವ ಟೋಪಿಯಿಂದ ಕಿಡಿ ಹೊತ್ತಿಸುವ ಕೋವಿಗಳು. ಅದಕ್ಕೆ ಹಾಕುವುದು ಕರಿಮದ್ದು. ಈಗಿನ ತೋಟೆಯೊಳಗಿನ ಹೊಗೆಯಿಲ್ಲದ ಮದ್ದನ್ನು ಬಿಚ್ಚಿ ಅದಕ್ಕೆ ಸುರಿದರೆ ನಳಿಗೆಯೇ ಸಿಡಿಯಬಹುದು. ಎರಡೂ ಕಪ್ಪಗೆ ಕಾಣಬಹುದು, ಆದರೆ ಒತ್ತಡ ಪೂರ್ತಿ ಬೇರೆ. ದಯವಿಟ್ಟು ಯಾರೂ ಈ ಪ್ರಯೋಗ ಮಾಡಬೇಡಿ. ಕೇಪು ಹೊಡೆದೂ ಈಡು ಹಾರದಿದ್ದರೆ ತಕ್ಷಣ ನಳಿಗೆಯೊಳಗೆ ಇಣುಕಬೇಡಿ. ಜನ ಇಲ್ಲದ ಕಡೆಗೆ ಹಿಡಿದು ಒಂದೆರಡು ನಿಮಿಷ ಕಾಯಿರಿ. ತಡವಾಗಿ ಸಿಡಿಯುವುದು ಉಂಟು.

ನಮ್ಮ ಮಳೆಗಾಲದ ತೇವಕ್ಕೆ ತೋಟೆ ಊದಿಕೊಂಡರೆ ಒಲೆಯ ಹತ್ತಿರ ಇಟ್ಟು ಒಣಗಿಸಲು ಹೋಗಬೇಡಿ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ ಕೇಳಿ. ಸೀಸದ ಗುಂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮನೆಯಲ್ಲಿ ಮಕ್ಕಳಿದ್ದರಂತೂ ಖಂಡಿತ.