ತಟ್ಟೆಯ ಮಡಿ

ಶಿರಸಿಯ ಸಮೀಪದಲ್ಲಿರುವ ನಮ್ಮ ಭಾವನ ಮನೆಯಲ್ಲಿ ದೇವರ ಕೋಣೆಗಿಂತ ಬಿಗಿಯಾದ ಮಡಿ ನಡೆಯುವುದು ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಅವನ ಗ್ರಾಮಾಫೋನ್ ತಟ್ಟೆಗಳಿರುವಲ್ಲಿ. ದೇವರ ಮೂರ್ತಿಯನ್ನು ಭಟ್ಟರು ಅಂಗೈಯಲ್ಲಿ ಹಿಡಿದು ತೊಳೆಯಬಹುದು. ತಟ್ಟೆಯನ್ನು ಮಾತ್ರ ಅಂಚು ಮತ್ತು ನಡುವಿನ ಲೇಬಲ್ ಬಿಟ್ಟು ಬೇರೆಲ್ಲೂ ಮುಟ್ಟುವಂತಿಲ್ಲ. ಬಂದವರಿಗೆ ಅವನು ಮೊದಲು ಹೊದಿಕೆಯನ್ನು ಮೂಸಲು ಕೊಡುತ್ತಾನೆ, ಆಮೇಲೆ ತಟ್ಟೆಯ ತೂಕವನ್ನು ಹೇಳುತ್ತಾನೆ: 180 ಗ್ರಾಂ. ಹಾಡಿನ ಸರದಿ ಬರುವಷ್ಟರಲ್ಲಿ ಅತಿಥಿಗೆ ಬಸ್ಸಿನ ಹೊತ್ತಾಗಿರುತ್ತದೆ. ತಟ್ಟೆ ಕೊಂಡು, ತಿರುಗಿಸುವ ಯಂತ್ರವನ್ನೇ ಕೊಳ್ಳದ ಭಕ್ತರೂ ಇರುವ ಈ ಕಾಲದಲ್ಲಿ ಅವನು ಮಿತವಾದಿಯೇ ಸರಿ.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಗಳು ಅರಗಿನವು. ಅವುಗಳ ಮೇಲೆ ಮೋಹವಿದ್ದರೆ ದುರ್ಯೋಧನನ ಕಾಲದ ಪರಂಪರೆ ಎನ್ನಬಹುದಿತ್ತು. ಆದರೆ 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ, ಹೆಚ್ಚು ಹೊತ್ತು ಹಾಡುವ ಎಲ್‌ಪಿ ತಟ್ಟೆ ವಿನೈಲಿನದು, ಅಂದರೆ ಭಾವನ ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ದಾಯಾದಿ. ಪೈಪು ಒಡೆದಾಗ ಅವನ ಕಣ್ಣು ತೇವವಾದದ್ದನ್ನು ನಾನು ಕಂಡಿಲ್ಲ. ಡಿಜಿಟಲ್ ಧ್ವನಿಗೆ ಆತ್ಮವಿಲ್ಲವೆಂದು ವಾದಿಸುವ ಅವನಿಗೆ, ಹೊಸದಾಗಿ ಒತ್ತುವ ಎಷ್ಟೋ ತಟ್ಟೆಗಳ ಮೂಲವೇ ಡಿಜಿಟಲ್ ಕಡತವೆಂದು ಒಮ್ಮೆ ಹೇಳಿದೆ. ಆ ದಿನ ನನಗೆ ಎರಡನೆಯ ಸಲ ಚಹಾ ಬರಲಿಲ್ಲ.

ಆಷಾಢದ ಮಳೆಗೆ ನಮ್ಮಲ್ಲಿ ಚಪ್ಪಲಿಗೂ ಗೋಡೆಗೂ ಬೂಸು ಹಿಡಿಯುವಂತೆ ತಟ್ಟೆಯ ಹೊದಿಕೆಗೂ ಹಿಡಿಯಿತು. ಬೆಚ್ಚಗಿರಲೆಂದು ಅವನು ನಾಲ್ಕು ತಟ್ಟೆಗಳನ್ನು ಬಚ್ಚಲೊಲೆಯ ಹತ್ತಿರ ಒರಗಿಸಿಟ್ಟ. ಮಾರನೆಯ ಬೆಳಿಗ್ಗೆ ಅವು ಹಲಸಿನ ಹಪ್ಪಳದಂತೆ ಸೊಟ್ಟಗಾಗಿದ್ದವು. ಎಸೆಯುವ ಮಾತೇ ಇಲ್ಲ. ಅವುಗಳಲ್ಲಿ ಒಂದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ಮುತ್ತಜ್ಜನ ಪಟ ಇಳಿಸಿ, ಜಗುಲಿಯಲ್ಲಿ ಅದೇ ಮೊಳೆಗೆ ತೂಗುಹಾಕಿದ್ದಾನೆ.

ಮೆತ್ತಿನ ನೆಲ ಹಲಗೆಯದಾದ್ದರಿಂದ ಯಾರಾದರೂ ನಡೆದರೆ ಸೂಜಿ ಗೆರೆ ತಪ್ಪುತ್ತದೆ. ಹಾಗಾಗಿ ತಟ್ಟೆಯ ಒಂದು ಮಗ್ಗುಲು ಮುಗಿಯುವ ಇಪ್ಪತ್ತು ನಿಮಿಷ ಮನೆಮಂದಿ ಇದ್ದಲ್ಲೇ ಇರಬೇಕು. ಹಸೆಯ ಹಾಡಿನಿಂದ ತೊಟ್ಟಿಲ ಹಾಡಿನವರೆಗೆ ನೂರಾರು ಹಾಡುಗಳನ್ನು ಬಾಯಿಪಾಠ ಮಾಡಿಕೊಂಡಿರುವ, ಯಾವ ಯಂತ್ರವೂ ಇದುವರೆಗೆ ಮುದ್ರಿಸಿಕೊಳ್ಳದ ಅವನ ಆಯಿ, ಮೊನ್ನೆ ಗುನುಗುತ್ತ ಏಣಿಮೆಟ್ಟಿಲು ಹತ್ತಿ ಊಟಕ್ಕೆ ಕರೆಯಲು ಬಂದರು.

"ಮೆಲ್ಲಗೆ ನಡಿಯೇ ಆಯಿ, ಸೂಜಿ ಹಾರ್ತು," ಎಂದ ಭಾವ.

ಆಯಿ ಹಾಡು ನಿಲ್ಲಿಸಿ, ಮೂರನೆಯ ಮೆಟ್ಟಿಲಲ್ಲಿ ಕೂತರು.