ತಾತನ ಬಂದೂಕನ್ನು ಸುಮ್ನೆ ಒಪ್ಪಿಸಿಬಿಡಬೇಡಿ

ಮೊನ್ನೆ ಚಳ್ಳಕೆರೆ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ತಾತನ ಕಾಲದ ಬಂದೂಕು ಮನೆಯಲ್ಲಿದೆ. "ಇನ್ನು ಶಿಕಾರಿ ಎಲ್ಲಿ ಬಂತು ಬಿಡಣ್ಣ, ಠಾಣೆಗೆ ಒಪ್ಪಿಸಿ ಕೈ ತೊಳ್ಕೊಳ್ತೀನಿ" ಅಂದ. ಬೇಡ ಅಂತ ಅರ್ಧ ಗಂಟೆ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನಮ್ಮ ಮನೆಯದೂ ಅಂಥದ್ದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ 12 ಬೋರ್ (ನಳಿಗೆಯ ಅಳತೆ ಅದು), ಜೋಡಿ ನಳಿಗೆ. ತಾತ ಶೇಂಗಾ ಕಿತ್ತ ಹೊಲಗಳಲ್ಲಿ ಕೌಜುಗ, ಬುರ್ಲಿ ಹೊಡೆಯುತ್ತಿದ್ದರು. ಕೌಜುಗ ಬೇಗ ಹಾರುವ ಹಕ್ಕಿ ಅಲ್ಲ. ಬೇಲಿ ಬುಡದಲ್ಲಿ ಓಡುತ್ತಲೇ ಇರುತ್ತದೆ. ಇನ್ನೇನು ಕಾಲಿಗೇ ಸಿಕ್ಕಿತು ಅನ್ನುವಾಗ ಭರ್ರನೆ ಏಳುತ್ತದೆ. ಬಲ ನಳಿಗೆಯ ಬಾಯಿ ಸಡಿಲ, ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ಬೇಗ ಹರಡುತ್ತದೆ, ಹತ್ತಿರದಲ್ಲಿ ಎದ್ದ ಹಕ್ಕಿಗೆ ಅದು. ಎಡದ್ದು ತುಸು ಬಿಗಿ, ತಪ್ಪಿಸಿಕೊಂಡು ದೂರ ಹೋದದ್ದಕ್ಕೆ. ಹಿಡಿಯ ಅಕ್ರೋಟ್ ಮರ ತಾತನ ಕೆನ್ನೆ ತಾಗಿದ ಕಡೆ ಕಪ್ಪಾಗಿ, ನುಣ್ಣಗಾಗಿದೆ. ಅಲ್ಲಿ ಬೆರಳಾಡಿಸಿದರೆ ನನಗೆ ಅವರ ಫೋಟೋ ನೋಡಿದ್ದಕ್ಕಿಂತ ಜಾಸ್ತಿ ಅನಿಸುತ್ತದೆ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಲೈಸೆನ್ಸ್ ತಗೊಂಡು ಆಡುವ ಶಿಕಾರಿಯೂ ನಿಂತಿತು. ನಿಂತದ್ದೇ ಸರಿ. ದನ ಮೇಯಲು ಬಿಟ್ಟಿದ್ದ ನಮ್ಮ ಅಮೃತಮಹಲ್ ಕಾವಲುಗಳ ಎಷ್ಟೋ ಹುಲ್ಲುನೆಲ ಕಾಂಪೌಂಡ್ ಒಳಗೆ ಸೇರಿಹೋಯಿತು. ಉಳಿದ ಹಕ್ಕಿಗಳಾದರೂ ಬದುಕಿಕೊಳ್ಳಲಿ. ಆದರೆ ಅದಕ್ಕಾಗಿ ಬಂದೂಕನ್ನೂ ಗುಜರಿಗೆ ಹಾಕಬೇಕಾ?

ಇಟ್ಟುಕೊಳ್ಳುವವರು ಮೊದಲು ಅದನ್ನು ಸರಿಯಾಗಿ ನೋಡಿ. ತೋಟಾ ಇಲ್ಲ ಅಂತ ಖಚಿತ ಮಾಡಿಕೊಂಡು ನಳಿಗೆ ಬಿಚ್ಚಿ. ಇಂಗ್ಲೆಂಡಿನದಾದರೆ ಕೆಳಗೆ ಕಿರೀಟದ ಪುಟ್ಟ ಮುದ್ರೆಗಳಿರುತ್ತವೆ. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ತಡೆಯಿತು ಅಂತ ಒತ್ತಿದ ಗುರುತು ಅದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಪರೀಕ್ಷೆಗೆಂದೇ 1813ರಲ್ಲಿ ಪ್ರೂಫ್ ಹೌಸ್ ಕಟ್ಟಿದರು. ಆಮೇಲೆ ನಳಿಗೆಯನ್ನು ಬೆರಳಿಗೆ ನೇತುಹಾಕಿ ಉಗುರಿನಿಂದ ತಟ್ಟಿ. ಗಂಟೆಯ ಹಾಗೆ ನಾದ ಬರಬೇಕು. ಮಡಕೆ ಒಡೆದ ಸದ್ದು ಬಂದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಬಿಟ್ಟಿರಬಹುದು. ನಳಿಗೆ ಮೇಲೆ ಹಾವಿನ ಚರ್ಮದಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿ ತಿರುಚಿ, ಕಾಯಿಸಿ ಬಡಿದು ಮಾಡಿದ್ದು, ಹೆಚ್ಚಿನವು ಈಗಿನ ಮದ್ದು ಬರುವ ಮುಂಚಿನ ಕರಿಮದ್ದಿನ ಕಾಲದವು. ಅದಕ್ಕೆ ಈಗಿನ ತೋಟಾ ಹಾಕಲೇಬೇಡಿ. ಉಕ್ಕಿನ ನಳಿಗೆ ಆದರೂ ಹುಷಾರು. ಹಳೇ ಬಂದೂಕುಗಳಲ್ಲಿ ತೋಟಾ ಕೂರುವ ಗೂಡು ಎಷ್ಟೋ ಸಲ ಎರಡೂವರೆ ಇಂಚು. ಈಗ ಸಿಗುವ ತೋಟಾ ಸಾಮಾನ್ಯವಾಗಿ ಎರಡೂಮುಕ್ಕಾಲು. ಹಾಕುವಾಗ ಸಲೀಸಾಗಿ ಕೂರುತ್ತದೆ. ಸಿಡಿದಾಗ ಅದರ ಮೂತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಎಡಗೈ ಇರುವುದು ಅದರ ಪಕ್ಕದಲ್ಲೇ.

ಇನ್ನು ಕಾಗದಪತ್ರ. ಕೊಡವರ ಹಾಗೆ ನಮಗೆ ಲೈಸೆನ್ಸಿನಿಂದ ವಿನಾಯಿತಿ ಇಲ್ಲ. ತಾತ ತೀರಿಕೊಂಡಾಗ ನಮ್ಮ ಬಂದೂಕು ಠಾಣೆಗೆ ಹೋಯಿತು. ಅಪ್ಪನ ಹೆಸರಿಗೆ ಆಗುವಷ್ಟರಲ್ಲಿ ಎರಡು ವರ್ಷ ಮೇಲಾಗಿತ್ತು. ವಾಪಸ್ ಬಂದಾಗ ನಳಿಗೆಯೊಳಗೆ ತುಕ್ಕಿನ ಚುಕ್ಕೆ, ಹಿಡಿಯಲ್ಲಿ ಬಿರುಕು. ಅವತ್ತು ಅಪ್ಪ ಊಟ ಮಾಡಲಿಲ್ಲ. ತಪ್ಪು ನಮ್ಮದೂ ಇತ್ತು, ತಾತ ಇದ್ದಾಗ ಯಾರೂ ಆ ಮಾತೇ ಎತ್ತಿರಲಿಲ್ಲ. ಈಗ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇರುವವರಿಗೆ 70 ತುಂಬಿದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ಆದರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ದಯವಿಟ್ಟು ಹಾಕಿ. ಹಿರಿಯರ ಎದುರು ಈ ಮಾತು ಎತ್ತುವುದು ಕಷ್ಟ, ಗೊತ್ತು.

ನಮ್ಮಪ್ಪಂಗೆ ಈಗ 74. ಆಯುಧ ಪೂಜೆ ದಿನ ಬಂದೂಕಿಗೆ ವಿಭೂತಿ ಹಚ್ಚುವಾಗ ನಾನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಡಿಗೆ ಅಗಸೆ ಎಣ್ಣೆ, ನಳಿಗೆಗೆ ಮಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಹಾಕ್ಬೇಡ, ಅಂಟಾಗುತ್ತೆ" ಅಂದರು. ಸೋಮವಾರ ಡಿಸಿ ಆಫೀಸಿಗೆ ಇಬ್ಬರೂ ಹೋಗುತ್ತಿದ್ದೇವೆ.