ಹಾಸಿಗೆಗೆ ಶಾಲು ಹೊದಿಸಿ ಸನ್ಮಾನ

ಆ ರೀಲು ನಿಮ್ಮ ಫೋನಿಗೂ ಬಂದಿರುತ್ತದೆ, ಬಿಡಿ. ಹುಡುಗಿ ಒಂದು ಚಿಟಿಕೆ ಹೊಡೆಯುತ್ತಾಳೆ. ಕಬ್ಬಿಣದ ಬೀರು, ಬಾಗಿಲ ಹಿಂದೆ ನೇತಾಡುವ ಪ್ಯಾಂಟು, ಮೊಳೆಗೆ ಸಿಕ್ಕಿಸಿದ ಕ್ಯಾಲೆಂಡರ್ ಎಲ್ಲ ಮಾಯ. ಇನ್ನೊಂದು ಚಿಟಿಕೆಗೆ ಅದೇ ಕೋಣೆ ಸ್ಟಾರ್ ಹೋಟೆಲ್ಲು. ಬಿಳಿ ಬೆಡ್‌ಶೀಟು, ಬಿಳಿ ಪರದೆ, ಮೂಲೆಯಲ್ಲಿ ಮಿಣಮಿಣ ದೀಪ. ಮಂಚದ ಮೇಲೊಂದು ಟ್ರೇ. ಟ್ರೇಯಲ್ಲಿ ಕಾಫಿ, ಕಾಫಿ ಪಕ್ಕದಲ್ಲಿ ಯಾರೂ ಓದದ ಒಂದು ದಪ್ಪ ಪುಸ್ತಕ. ‘ನಿಮ್ಮ ಬೆಡ್‌ರೂಮು ನಿಮ್ಮನ್ನ ಕೈಬೀಸಿ ಕರೀಬೇಕು’ ಅನ್ನುತ್ತಾಳೆ.

ನನ್ನದು ಕರೆಯುತ್ತದಮ್ಮಾ, ದಿನಾ ರಾತ್ರಿ ಹತ್ತಕ್ಕೆ ಕರೆಯುತ್ತದೆ. ಆಗ ನಾನು ಇನ್ನೂ ಸಿಲ್ಕ್ ಬೋರ್ಡ್ ಹತ್ತಿರ ನಿಂತಿರುತ್ತೇನೆ.

ಬಿಳಿ ಬೆಡ್‌ಶೀಟಿನ ಮೇಲೆ ಕಾಫಿ ಇಡುವ ಆ ಧೈರ್ಯಕ್ಕೆ ಮೊದಲು ಕೈಮುಗಿಯಬೇಕು. 2024ರ ಮಾರ್ಚ್ ನೆನಪಿದೆ ತಾನೆ? ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಬೆಂಗಳೂರಿನ ಜಲಮಂಡಳಿ ಹೇಳಿತ್ತು. ನಾವು ಟ್ಯಾಂಕರಿನವನ ಫೋನ್ ನಂಬರನ್ನು ದೇವರ ಫೋಟೊ ಪಕ್ಕ ಅಂಟಿಸಿಕೊಂಡಿದ್ದೆವು. ಅದೇ ತಿಂಗಳು ನನ್ನ ಭಾವಮೈದ ಮೂರು ಜೊತೆ ಬಿಳಿ ಬೆಡ್‌ಶೀಟು ತರಿಸಿದ. ಧೂಳಿನ ಊರಿನಲ್ಲಿ, ನೀರಿಲ್ಲದ ಬೇಸಿಗೆಯಲ್ಲಿ, ಎರಡು ಸಣ್ಣ ಮಕ್ಕಳಿರುವ ಮನೆಗೆ. ಕೇಳಿದ್ದಕ್ಕೆ, "ಹೋಟೆಲ್ ಫೀಲ್ ಬರುತ್ತೆ ಭಾವ" ಅಂದ. ಹೋಟೆಲಿನಲ್ಲಿ ಒಗೆಯುವವರು ಬೇರೆ ಇರುತ್ತಾರೆ ಅನ್ನುವುದು ಆ ಫೀಲಿನಲ್ಲಿ ಸೇರಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ಅವನ ಹೊಸ ಫ್ಲಾಟು. ಡಿಸೈನ್ ಮಾತುಕತೆಗೆ ನನ್ನನ್ನೂ ಕರೆದಿದ್ದ. ಲ್ಯಾಪ್‌ಟಾಪ್ ಹಿಡಿದ ಹುಡುಗ ಬಹಳ ವಿನಯವಂತ.

"ಸಾರ್, ಮಾಸ್ಟರ್ ಬೆಡ್‌ರೂಮಿಗೆ ಏನಿರಬೇಕು ಅಂತೀರಾ?"

"ನಿದ್ದೆ ಬರಬೇಕು."

"ಅದು ಆಮೇಲೆ ಸಾರ್. ಥೀಮ್ ಏನು ಅಂತ ಕೇಳಿದೆ."

ಬೋಹೋ ಇದೆಯಂತೆ. ಸ್ಕ್ಯಾಂಡಿ ಇದೆಯಂತೆ. ಈಗ ಜಾಸ್ತಿ ಹೋಗ್ತಿರೋದು ಜಪಾಂಡಿಯಂತೆ. ಅರ್ಧ ಜಪಾನು, ಇನ್ನರ್ಧ ಸ್ವೀಡನ್ನು ನಾರ್ವೆ ಕಡೆಯದು. ಸಾಮಾನು ಕಡಿಮೆ, ಜಾಗ ಖಾಲಿ, ಮರ, ಮಣ್ಣಿನ ಬಣ್ಣ, ನೆಲಕ್ಕೆ ಹತ್ತಿರ ಮಲಗುವುದು. ಜಪಾನಿನಲ್ಲಿ ತತಾಮಿ ಚಾಪೆಯ ಮೇಲೆ ಫುಟಾನ್ ಅಂತ ಹಾಸಿಗೆ ಹಾಸಿ, ಬೆಳಗ್ಗೆ ಎದ್ದು ಮಡಿಚಿ ಕಪಾಟಿನಲ್ಲಿ ಇಡುತ್ತಾರೆ ಅಂತ ಹುಡುಗ ವಿವರಿಸಿದ. ಭಾವಮೈದ ಬಾಯಿ ಬಿಟ್ಟುಕೊಂಡು ಕೇಳಿದ. ನನಗೆ ನಮ್ಮಜ್ಜಿ ಕಣ್ಣೆದುರು ಬಂದು ನಿಂತಳು.

ಅಜ್ಜಿಯ ಮನೆ ತಿಪಟೂರು ಕಡೆ. ಇದ್ದದ್ದು ಒಂದು ನಡುಮನೆ. ಬೆಳಗ್ಗೆ ನಾವು ಓದುವುದು ಅಲ್ಲೇ, ಮಧ್ಯಾಹ್ನ ಊಟ ಅಲ್ಲೇ, ಸಂಜೆ ಅವರೆಕಾಯಿ ಸುಲಿಯುವುದೂ ಅಲ್ಲೇ. ರಾತ್ರಿ ಅದೇ ಜಾಗದಲ್ಲಿ ಹದಿಮೂರು ಜನ ಸಾಲಾಗಿ ಮಲಗುತ್ತಿದ್ದೆವು. ಚಾಪೆ, ಮೇಲೊಂದು ಜಮಖಾನ, ಹೊದೆಯಲು ದುಪ್ಪಟಿ, ಚಳಿಗೆ ಕಂಬಳಿ. ಬೂರುಗದ ಹತ್ತಿಯ ದಿಂಬು ದೊಡ್ಡವರಿಗೆ ಮಾತ್ರ. ನಮಗೆ ಮಡಿಚಿದ ಪಂಚೆ. ಬೆಳಗಾದರೆ ಎಲ್ಲ ಸುತ್ತಿ ಅಟ್ಟಕ್ಕೆ. ಎದ್ದಮೇಲೂ ಹಾಸಿಗೆ ಬಿದ್ದಿದ್ದರೆ ಅಜ್ಜಿಯ ಬಾಯಲ್ಲಿ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹತ್ತಿ ಹಾಸಿಗೆ ಅಂತ ಇದ್ದದ್ದು ಒಂದೇ, ತಾತನದ್ದು. ಅದು ಒತ್ತಿಕೊಂಡು ಹಲಗೆಯ ಹಾಗಾದಾಗ ಬೇಸಿಗೆಯಲ್ಲಿ ಪಿಂಜಾರರು ಬರುತ್ತಿದ್ದರು. ಹೆಗಲ ಮೇಲೆ ಆಳೆತ್ತರದ ಬಿಲ್ಲು. ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿ ಸುರಿದು, ಬಿಲ್ಲಿನ ತಂತಿಯನ್ನು ಟಂಯ್ ಟಂಯ್ ಅಂತ ಮೀಟಿದರೆ ಆ ಗಂಟು ಹತ್ತಿ ಮೋಡದ ಹಾಗೆ ಎದ್ದು ಬರುತ್ತಿತ್ತು. ನಾವು ಅದರೊಳಗೆ ಬಿದ್ದು ಹೊರಳಿ ಬೈಸಿಕೊಳ್ಳುತ್ತಿದ್ದೆವು. ಸಂಜೆಗೆ ಹಾಸಿಗೆ ಹೊಸದು. ಈಗ ಹತ್ತು ವರ್ಷ ಗ್ಯಾರಂಟಿಯ ಫೋಮ್ ಹಾಸಿಗೆ ಕೊಳ್ಳುತ್ತೇವೆ. ನಡುವೆ ತಗ್ಗು ಬಿದ್ದರೆ ಸ್ಕೇಲ್ ಇಟ್ಟು ಫೋಟೊ ತೆಗೆದು ಕಳಿಸಬೇಕು. ತಗ್ಗು ಇಂತಿಷ್ಟು ಇಂಚಿಗಿಂತ ಆಳ ಇದ್ದರೆ ಮಾತ್ರ ಅದು ತಗ್ಗು. ಇಲ್ಲದಿದ್ದರೆ ಅದು ನಿಮ್ಮ ಬೆನ್ನಿನ ದೋಷ.

ಎಲ್ಲಿದ್ದೆ? ಹಾಂ, ಜಪಾಂಡಿ. ಅದನ್ನೇ ಗೊತ್ತು ಮಾಡಿದರು. ಖಾಲಿ ಕೋಣೆಯ ಸೊಬಗಿಗೆ ನಾಲ್ಕು ಲಕ್ಷದ ಎಸ್ಟಿಮೇಟು. ಖಾಲಿ ಕೋಣೆಯೊಳಗೆ ಒಂದು ಹೈಡ್ರಾಲಿಕ್ ಸ್ಟೋರೇಜ್ ಮಂಚ, ಸೂರಿನವರೆಗೆ ವಾರ್ಡ್‌ರೋಬು, ತಲೆದೆಸೆಗೆ ಗೀರುಗೀರಿನ ಪ್ಯಾನೆಲ್ಲು, ಟಿವಿ ಯೂನಿಟ್ಟು, ಡ್ರೆಸಿಂಗ್ ಟೇಬಲ್ಲು. ಮೇಲೆ ಫಾಲ್ಸ್ ಸೀಲಿಂಗು. ಫಾಲ್ಸ್ ಸೀಲಿಂಗ್ ಅನ್ನುವ ಹೆಸರಿಟ್ಟವರು ಪ್ರಾಮಾಣಿಕರು, ಸುಳ್ಳು ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಒಂಬತ್ತೂವರೆ ಅಡಿಯ ಸೂರಿಗೆ ಸಾಲ ಮಾಡಿ, ಅದನ್ನು ಮುಚ್ಚಲು ಇನ್ನೊಂದು ಸಾಲ ಮಾಡಿ, ಮುಕ್ಕಾಲು ಅಡಿ ಎತ್ತರ ಕಳೆದುಕೊಳ್ಳುವುದು. ಉದ್ದನೆಯ ನೆಂಟರು ಫ್ಯಾನಿನ ಕೆಳಗೆ ಕೈಯೆತ್ತಿ ಮೈಮುರಿಯಬಾರದು, ಅಷ್ಟೇ.

ಬಣ್ಣಕ್ಕೆ ಮೋಕಾ ಮೂಸ್. ಪ್ಯಾಂಟೋನ್ ಅನ್ನುವ ಅಮೆರಿಕದ ಕಂಪನಿ ಪ್ರತಿ ವರ್ಷ ಜಗತ್ತಿಗೆ ಒಂದು ಬಣ್ಣ ಸಾರುತ್ತದೆ. 2024ಕ್ಕೆ ಪೀಚ್ ಫಜ್, 2025ಕ್ಕೆ ಈ ಮೋಕಾ ಮೂಸ್. ಹುಡುಗ ಬಣ್ಣದ ಪಟ್ಟಿ ತೋರಿಸಿದ. ನಮ್ಮ ಕಡೆ ಸಗಣಿ ಸಾರಿಸಿ ಎರಡು ದಿನ ಆದಮೇಲೆ ನೆಲಕ್ಕೆ ಬರುವ ಬಣ್ಣ. ಸುಮ್ಮನೆ ಹೇಳಿದೆ. ಭಾವಮೈದನ ಹೆಂಡತಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಈಗ ಅಳತೆಯ ವಿಷಯ. ಒಂದು ವಾಸದ ಕೋಣೆ ಅಂದರೆ ಕನಿಷ್ಠ 9.5 ಚದರ ಮೀಟರ್ ಇರಬೇಕು ಅನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಎರಡು ಕೋಣೆ ಇದ್ದರೆ ಒಂದು 7.5 ಇದ್ದರೂ ನಡೆಯುತ್ತದೆ. ಅಂದರೆ ಸುಮಾರು 102 ಚದರಡಿ, 81 ಚದರಡಿ. ಕನಿಷ್ಠ ಅಂದರೆ ಇದಕ್ಕಿಂತ ಕೆಳಗೆ ಇಳಿಯಬೇಡಿ ಅಂತ ಅರ್ಥ. ಕಟ್ಟುವವರು ಅದನ್ನೇ ಗುರಿ ಅಂತ ತಿಳಿದಿದ್ದಾರೆ. ಆರಡಿಗೆ ಆರೂವರೆ ಅಡಿಯ ಕಿಂಗ್ ಸೈಜ್ ಮಂಚ 39 ಚದರಡಿ ನುಂಗುತ್ತದೆ. ವಾರ್ಡ್‌ರೋಬಿಗೆ ಇನ್ನೊಂದು ಹದಿನಾರು. ಅದರ ಬಾಗಿಲು ತೆರೆಯಬೇಕಾದರೆ ಯಾರಾದರೂ ಮಂಚ ಹತ್ತಬೇಕು. ಉಳಿದ ಜಾಗದಲ್ಲಿ ರಾಜ ರಾಣಿ ಇಬ್ಬರೂ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾರೆ. 2016ರಲ್ಲೇ ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾಯ್ದೆ ಬಂದು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಎಷ್ಟು ಅಂತ ಬಿಲ್ಡರು ಹೇಳಲೇಬೇಕು ಅಂದಿತು. ಹೇಳುತ್ತಾರೆ, ಚಿಕ್ಕ ಅಕ್ಷರದಲ್ಲಿ. ಬಾಯಲ್ಲಿ ಓಡಾಡುವುದು ಇವತ್ತಿಗೂ ಸೂಪರ್ ಬಿಲ್ಟಪ್. ಲಿಫ್ಟು, ಮೆಟ್ಟಿಲು, ನಾವು ಒಂದು ದಿನವೂ ಇಳಿಯದ ಈಜುಕೊಳದ ದಂಡೆ, ಎಲ್ಲದರಲ್ಲೂ ನಮ್ಮ ಪಾಲು ಉಂಟು. ಮಲಗಲು ಮಾತ್ರ ಆಗುವುದಿಲ್ಲ.

ಮತ್ತೆ ಆ ಮಾಸ್ಟರ್ ಬೆಡ್‌ರೂಮು ಅನ್ನುವ ಹೆಸರು ನೋಡಿ. ನಮ್ಮಪ್ಪ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದರು. ಅವರಿಗೆ ಬೆಡ್‌ರೂಮೇ ಇರಲಿಲ್ಲ.

ಗೃಹಪ್ರವೇಶದ ದಿನ ಈ ಕೋಣೆಯ ದರ್ಶನಕ್ಕೆ ಕ್ಯೂ ಇತ್ತು. ಹಿಂದೆ ಇನ್ನೊಬ್ಬರ ಮಲಗುವ ಕೋಣೆಗೆ ಇಣುಕಿದರೆ ಕಿವಿ ಹಿಂಡುತ್ತಿದ್ದರು. ಈಗ ಚಪ್ಪಲಿ ಬಿಟ್ಟವರನ್ನು ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ವಾರ್ಡ್‌ರೋಬ್ ತೆರೆದು ಒಳಗೆ ಹತ್ತುವ ಲೈಟು ತೋರಿಸುತ್ತಾರೆ. ಮಂಚ ಎತ್ತಿ ಹೊಟ್ಟೆಯೊಳಗಿನ ಹಳೇ ಸೂಟ್‌ಕೇಸ್ ತೋರಿಸುತ್ತಾರೆ. ದರ್ಶನ ತಪ್ಪಿಸಿಕೊಂಡವಳು ಹಸು ಒಬ್ಬಳೇ. ಅವಳನ್ನು ಲಿಫ್ಟಿಗೆ ಬಿಡಲಿಲ್ಲ. ಬೇಸ್‌ಮೆಂಟಿನಲ್ಲೇ ಕುಂಕುಮ ಇಟ್ಟು, ಬಾಳೆಹಣ್ಣು ಕೊಟ್ಟು, ಪುಣ್ಯ ಮಾತ್ರ ಹನ್ನೊಂದನೇ ಮಹಡಿಗೆ ತಂದುಕೊಂಡರು.

ಮಂಚದ ಮೇಲೆ ಒಂಬತ್ತು ದಿಂಬು. ಎಣಿಸಿದ್ದೇನೆ. ಮಲಗುವವರು ಇಬ್ಬರು. ಇದರಲ್ಲಿ ಎರಡಕ್ಕೆ ಮಾತ್ರ ತಲೆ ಇಡಬಹುದು, ಉಳಿದ ಏಳು ನೋಡಲಿಕ್ಕೆ. ರಾತ್ರಿ ಆ ಏಳನ್ನು ಇಳಿಸಿ ಕುರ್ಚಿ ಮೇಲೆ ಪೇರಿಸಬೇಕು, ಬೆಳಗ್ಗೆ ಮತ್ತೆ ಹತ್ತಿಸಿ, ಪ್ರತಿಯೊಂದರ ನೆತ್ತಿಗೆ ಕೈಯಲ್ಲಿ ಕಡಿದ ಹಾಗೆ ಒಂದೇಟು ಹಾಕಿ ತಗ್ಗು ಮಾಡಬೇಕು. ಕಾಲ್ದೆಸೆಗೆ ಅಡ್ಡಲಾಗಿ ಜರಿಯಂಚಿನ ಒಂದು ಬಟ್ಟೆ. ಹೊದೆಯಲು ಅಗಲ ಸಾಲದು, ಹಾಸಲು ಉದ್ದ ಸಾಲದು. ಇದ್ಯಾಕೆ ಅಂತ ಕೇಳಿದೆ. "ಅದು ಬೆಡ್ ರನ್ನರ್ ಅಣ್ಣ, ಲುಕ್ಕಿಗೆ" ಅಂದಳು ಭಾವಮೈದನ ಹೆಂಡತಿ. ಸಮಾಧಾನವಾಗಿ ನೋಡಿದ ಮೇಲೆ ನನಗೇ ಹೊಳೆಯಿತು. ಹಾಸಿಗೆಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ಪಕ್ಕದಲ್ಲಿ ಬುಟ್ಟಿ ತುಂಬ ಪ್ಲಾಸ್ಟಿಕ್ ಹಣ್ಣೂ ಇತ್ತು. ಪೇಟ ಒಂದು ಕಡಿಮೆ.

ಕಿಟಕಿಯ ಹತ್ತಿರ ಎರಡು ಕುಂಡ, ಹಾವಿನ ಮೈಯ ಪಟ್ಟೆಯ ಗಿಡ. ಗಾಳಿ ಶುದ್ಧ ಮಾಡುತ್ತದಂತೆ, ನಾಸಾ ಹೇಳಿದೆಯಂತೆ. ನಾಸಾ ಹೇಳಿದ್ದು ನಿಜ, 1989ರಲ್ಲಿ. ಆದರೆ ಆ ಪ್ರಯೋಗ ಮಾಡಿದ್ದು ಗಾಳಿಯಾಡದ ಹಾಗೆ ಮುಚ್ಚಿದ ಪೆಟ್ಟಿಗೆಯೊಳಗೆ. 2019ರಲ್ಲಿ ಇಬ್ಬರು ವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಮಾಮೂಲಿ ಮನೆಯಲ್ಲಿ ಕಿಟಕಿ ತೆರೆದಷ್ಟು ಪ್ರಯೋಜನ ಗಿಡದಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂದರು. ಹಾಗೆ ಇಟ್ಟರೆ ಅದನ್ನು ಬೆಡ್‌ರೂಮ್ ಅನ್ನುವುದಿಲ್ಲ, ಲಾಲ್‌ಬಾಗ್ ಅನ್ನುತ್ತಾರೆ. ಕಿಟಕಿ ತೆಗೆಯಬಹುದಿತ್ತು. ತೆಗೆದರೆ ಸೊಳ್ಳೆ.

ಸೊಳ್ಳೆ! ಇಷ್ಟು ರೀಲುಗಳಲ್ಲಿ ಎಲ್ಲಾದರೂ ಒಂದು ಸೊಳ್ಳೆ ಪರದೆ ನೋಡಿದ್ದೀರಾ? ನಾಲ್ಕು ಮೂಲೆಯ ದಾರ ಕಿಟಕಿ ಸರಳಿಗೆ, ಬಾಗಿಲ ಚಿಲಕಕ್ಕೆ, ಕ್ಯಾಲೆಂಡರ್ ಮೊಳೆಗೆ, ಬೀರುವಿನ ಹಿಡಿಗೆ ಕಟ್ಟಿದ, ನಡುವೆ ಜೋತುಬಿದ್ದ ಆ ತಿಳಿನೀಲಿ ಪರದೆ? ಇಲ್ಲ. ಅದರ ಬದಲು ಮಂಚಕ್ಕೆ ನಾಲ್ಕು ಕಂಬ ನಿಲ್ಲಿಸಿ ಬಿಳಿ ಬಟ್ಟೆ ಇಳಿಬಿಡುತ್ತಾರೆ. ಕ್ಯಾನೊಪಿ ಅಂತ ಹೆಸರು. ನಾಲ್ಕೂ ಕಡೆ ತೆರೆದಿರುತ್ತದೆ, ಸೊಳ್ಳೆಗಳು ಗೌರವದಿಂದ ಒಳಗೆ ಬರಲಿ ಅಂತ. ಮೇಜಿನ ಮೇಲೆ ಸುಗಂಧದ ಮೇಣದಬತ್ತಿ ಉಂಟು. ನೋವಿನ ಮುಲಾಮು, ನೀರಿನ ಚೊಂಬು, ಬಿಪಿ ಮಾತ್ರೆ, ಚಟ್ ಅನ್ನುವ ಸೊಳ್ಳೆ ಬ್ಯಾಟು ಇಲ್ಲ. ನಮ್ಮ ಮನೆಗಳಲ್ಲಿ ಇವು ಇಲ್ಲದೆ ಯಾರಾದರೂ ಮಲಗುತ್ತಾರಾ?

ತಮಾಷೆ ಇಲ್ಲಿಗೆ ಸಾಕು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು 45 ಡೆಸಿಬಲ್ ದಾಟಬಾರದು ಅಂತ 2000ನೇ ಇಸವಿಯಿಂದ ನಿಯಮ ಇದೆ. ನಮ್ಮ ಬೀದಿಯ ಪಕ್ಕದ ಸೈಟಿಗೆ ಕಾಂಕ್ರೀಟ್ ಲಾರಿ ಬರುವುದೇ ಹನ್ನೊಂದಕ್ಕೆ. ಎರಡು ಗಂಟೆಯವರೆಗೆ ಗರಗರ. ಅದು ಮುಗಿದರೆ ಬೋರ್‌ವೆಲ್ ಕೊರೆತ. ಫೋನ್ ಮಾಡಿ ದೂರು ಕೊಟ್ಟೆವು. "ನೋಡ್ತೀವಿ ಸಾರ್" ಅಂದರು. ಎರಡು ವರ್ಷದಿಂದ ನೋಡುತ್ತಿದ್ದಾರೆ. ಮೊನ್ನೆ ಪಕ್ಕದ ಮನೆಯ ಅಜ್ಜಿ, ಎಂಬತ್ತು ದಾಟಿದವರು, ಬೆಳಗಿನ ಜಾವ ಮೂರಕ್ಕೆ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಏನೂ ಮಾಡುತ್ತಿರಲಿಲ್ಲ, ಸುಮ್ನೆ ಕೂತಿದ್ದರು. ಅವರಿಗೆ ಯಾವ ಥೀಮ್ ಕೊಡ್ತೀರಿ? ಎರಡು ಪದರದ ಪರದೆ ಹಾಕಿ, ಗಾಜಿಗೆ ಗಾಜು ಸೇರಿಸಿ ಅಂತ ಸಲಹೆ ಕೊಡುತ್ತಾರೆ. ಊರು ನಮಗೆ ಕೊಡಬೇಕಾದ ನಿದ್ದೆಯನ್ನು ನಾವು ಚದರಡಿ ಲೆಕ್ಕದಲ್ಲಿ ಕೊಂಡುಕೊಳ್ಳಬೇಕು. ದುಡ್ಡಿಲ್ಲದವರು ಗೇಟಿನಲ್ಲಿ ಕೂರಬೇಕು. ಬೇಜಾರಾಗಿಹೋಗಿದೆ ಕಣ್ರೀ.

ದೊಡ್ಡ ಫ್ಲಾಟುಗಳ ನಕ್ಷೆಯಲ್ಲಿ ಯುಟಿಲಿಟಿ ಪಕ್ಕ ಒಂದು ಪುಟ್ಟ ಚೌಕ ಇರುತ್ತದೆ, ನೋಡಿ. ಮೇಡ್ಸ್ ರೂಮ್. ನಾನು ನೋಡಿದ ಒಂದು ಬ್ರೋಷರಿನಲ್ಲಿ ಅದು ಐದಡಿಗೆ ಏಳಡಿ. ಕಿಂಗ್ ಸೈಜ್ ಮಂಚಕ್ಕಿಂತ ನಾಲ್ಕು ಚದರಡಿ ಕಡಿಮೆ. ಕಿಟಕಿ ಇಲ್ಲ. ಅದರ ಬಣ್ಣ ಯಾವುದು ಅಂತ ಯಾರೂ ಬರೆದಿರಲಿಲ್ಲ.

ಕೆಲಸ ನಡೆಯುವಾಗ ಒಮ್ಮೆ ರಾತ್ರಿ ಭಾವಮೈದನ ಜೊತೆ ಹೋಗಿದ್ದೆ. ಮಾಸ್ಟರ್ ಬೆಡ್‌ರೂಮಿನ ಬಾಗಿಲು ತೆರೆದರೆ, ಪ್ಲೈವುಡ್ ಪುಡಿಯ ನಡುವೆ, ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿಕೊಂಡು ನಾಲ್ವರು ಬಡಗಿ ಹುಡುಗರು ಮಲಗಿದ್ದರು. ಬಿಹಾರದ ಕಡೆಯವರು. ಹೊರಗೆ ಲಾರಿ ಗುಡುಗುತ್ತಿತ್ತು, ಒಳಗೆ ನಾಲ್ವರದ್ದೂ ಗೊರಕೆ. ಆ ಕೋಣೆಯಲ್ಲಿ ಯಾರಾದರೂ ಹಾಗೆ ಮಲಗಿದ್ದು ನಾನು ನೋಡಿದ್ದು ಅದೇ ಕೊನೆ.

ಯಾಕಂದರೆ ಗೃಹಪ್ರವೇಶದ ರಾತ್ರಿ ನಾವು ನೆಂಟರೆಲ್ಲ ಅಲ್ಲೇ ಉಳಿದೆವು. ಹಾಲಿನಲ್ಲಿ ಬಾಡಿಗೆಯ ಜಮಖಾನ ಹಾಸಿ ಹನ್ನೆರಡು ಜನ ಉರುಳಿಕೊಂಡೆವು. ಗಂಡ ಹೆಂಡತಿ ಮಾತ್ರ ಕೋಣೆಗೆ ಹೋಗಿ ಒಂಬತ್ತರಲ್ಲಿ ಏಳು ದಿಂಬು ಇಳಿಸಿ, ಶಾಲು ಮಡಿಚಿ, ಮಿಣಮಿಣ ದೀಪ ಆರಿಸಿದರು. ಎರಡು ಗಂಟೆ ಹೊತ್ತಿಗೆ ಯಾರೋ ನನ್ನ ಕಾಲು ತುಳಿದರು. ಕಣ್ಣು ಬಿಟ್ಟರೆ ಭಾವಮೈದ, ಕಂಕುಳಲ್ಲಿ ದಿಂಬು. ಹಿಂದೆ ಅವನ ಹೆಂಡತಿ, ಕೈಯಲ್ಲಿ ಸೊಳ್ಳೆ ಬ್ಯಾಟು.

"ಸ್ವಲ್ಪ ಜರುಗಿ ಭಾವ" ಅಂದ.